ಹಳ್ಳಿಯ ನಿತ್ಯದ ಬದುಕನ್ನು ಇಂಪ್ರೆಷನಿಸ್ಟ್ ರೀತಿಯಲ್ಲಿ ಚಿತ್ರಿಸುವ ಬಗೆ: ಪಿಸಾರೊ ಅವರ ಚಿತ್ರವೊಂದನ್ನು ಮುಂದಿಟ್ಟುಕೊಂಡು ಸಮಗ್ರ ಮಾರ್ಗದರ್ಶಿ

ಪ್ಯಾರಿಸ್‌ನ ಮ್ಯೂಸೆ ದೋರ್ಸೆ ಸಂಗ್ರಹಾಲಯದಲ್ಲಿ ಚಿತ್ರಕಾರ ಕಮೀಲ್ ಪಿಸಾರೊ 1873ರಲ್ಲಿ ಬಿಡಿಸಿದ ‘ಜೆಲೆ ಬ್ಲಾಂಶ್’ (ಹೆಪ್ಪುಗಟ್ಟಿದ ಬಿಳಿ ಇಬ್ಬನಿ) ಎಂಬ ತೈಲವರ್ಣ ಚಿತ್ರವಿದೆ. ಸುಮಾರು 65 ಸೆಂಟಿಮೀಟರ್ ಎತ್ತರ, 93 ಸೆಂಟಿಮೀಟರ್ ಅಗಲದ ಈ ಕ್ಯಾನ್‌ವಾಸ್‌ನಲ್ಲಿ ಕಾಣುವುದು ಇಷ್ಟು: ಚಳಿಗಾಲದ ಒಂದು ಬೆಳಗ್ಗೆ ಉತ್ತ ಹೊಲಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿ ತೆಳು ಬಿಳಿ ಪೊರೆಯಾಗಿ ಕೂತಿದೆ, ಹೊಲಗಳ ನಡುವಿನ ಏರುದಾರಿಯಲ್ಲಿ ಒಬ್ಬ ಹಳ್ಳಿಗ ಬೆನ್ನ ಮೇಲೆ ಸೌದೆಯ ಹೊರೆ ಹೊತ್ತು, ಕೋಲೂರಿಕೊಂಡು ನಡೆಯುತ್ತಿದ್ದಾನೆ. ಜಾಗ ಪ್ಯಾರಿಸ್‌ನ ವಾಯವ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದ ಪೊಂತ್ವಾಜ್ ಊರಿನ ಹೊರವಲಯ, ಎನ್ನರಿ ಎಂಬ ಹಳ್ಳಿಗೆ ಹೋಗುವ ಹಳೆಯ ದಾರಿ. 1874ರ ಏಪ್ರಿಲ್ 15ರಂದು ಪ್ಯಾರಿಸ್‌ನಲ್ಲಿ ಛಾಯಾಗ್ರಾಹಕ ನಾದಾರ್ ಅವರ ಹಳೆಯ ಸ್ಟುಡಿಯೊದಲ್ಲಿ ಆರಂಭವಾದ ಮೊದಲ ಇಂಪ್ರೆಷನಿಸ್ಟ್ ಪ್ರದರ್ಶನದಲ್ಲಿ ಪಿಸಾರೊ ಇಟ್ಟಿದ್ದ ಐದು ಚಿತ್ರಗಳಲ್ಲಿ ಇದೂ ಒಂದು.

ಹಳ್ಳಿಯ ದಿನನಿತ್ಯದ ದೃಶ್ಯವನ್ನು ಇಂಪ್ರೆಷನಿಸ್ಟ್ ರೀತಿಯಲ್ಲಿ, ಅಂದರೆ ಆ ಹೊತ್ತಿನ ಬೆಳಕು ಮತ್ತು ಬಣ್ಣ ಕಣ್ಣಿಗೆ ಕಂಡಂತೆಯೇ, ತೈಲವರ್ಣದಲ್ಲಿ ಬಿಡಿಸಲು ಬಯಸುವವರಿಗೆ, ಅದರಲ್ಲೂ ತೈಲವರ್ಣದ ಅಲ್ಪಸ್ವಲ್ಪ ಪರಿಚಯವಿದ್ದು ಹೊರಗೆ ಕುಳಿತು ಚಿತ್ರಿಸುವ ಅಭ್ಯಾಸ ಇನ್ನೂ ಆಗದವರಿಗೆ, ಈ ಒಂದು ಚಿತ್ರವನ್ನೇ ಗುರುವಾಗಿಟ್ಟುಕೊಂಡು ಹಂತ ಹಂತವಾಗಿ ಕೆಲಸ ವಿವರಿಸುವುದು ಈ ಬರಹದ ಉದ್ದೇಶ. ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ, ದಪ್ಪವಾಗಿ ಹಚ್ಚಿಬಿಟ್ಟರೆ ಇಂಪ್ರೆಷನಿಸ್ಟ್ ಚಿತ್ರವಾಗುತ್ತದೆ ಎಂಬ ಕಲ್ಪನೆ ಬಹಳ ಜನರಲ್ಲಿದೆ. ಕುಂಚದ ಗುರುತುಗಳು ಈ ರೀತಿಯ ಹೊರ ಲಕ್ಷಣ ಮಾತ್ರ. ಇಡೀ ಕ್ಯಾನ್‌ವಾಸನ್ನು ಒಟ್ಟಿಗೇ ಮುಂದಕ್ಕೆ ಒಯ್ಯುವುದು, ನೆರಳನ್ನು ಒಂದು ಬಣ್ಣವೆಂದೇ ನೋಡುವುದು, ದುಡಿಯುವ ಮನುಷ್ಯನನ್ನು ಅವನು ಕಾಲಿಟ್ಟ ನೆಲದ ಬೆಳಕಿನಿಂದಲೇ ಕಟ್ಟುವುದು: ಇವು ಮೂರು ಕೈಗೂಡಿದರೆ ಕುಂಚದ ಗುರುತುಗಳು ತಾವಾಗಿಯೇ ಸರಿಹೋಗುತ್ತವೆ. ಕೆಳಗಿನ ಹಂತಗಳೆಲ್ಲ ಈ ಮೂರಕ್ಕಾಗಿಯೇ ಇವೆ.

ಹಂತ 1: ಕುಂಚ ಹಿಡಿಯುವ ಮೊದಲು ಚಿತ್ರವನ್ನು ಓದಿ

‘ಜೆಲೆ ಬ್ಲಾಂಶ್’ನ ಸ್ಪಷ್ಟವಾದ ದೊಡ್ಡ ಪ್ರತಿಯೊಂದನ್ನು ಪರದೆಯ ಮೇಲೋ ಮುದ್ರಣದಲ್ಲೋ ಎದುರಿಗಿಟ್ಟುಕೊಂಡು, ಸಾಕಷ್ಟು ಹೊತ್ತು ಏನನ್ನೂ ಬರೆಯದೆ ನೋಡಿ. ಮೊದಲು ದಿಗಂತರೇಖೆ ಎಲ್ಲಿದೆ ಎಂಬುದನ್ನು ಗಮನಿಸಿ. ಅದು ಬಹಳ ಮೇಲಿದೆ. ಕ್ಯಾನ್‌ವಾಸ್‌ನ ಅರ್ಧಕ್ಕಿಂತ ಹೆಚ್ಚು ಭಾಗ ಮಣ್ಣಿಗೇ ಮೀಸಲು. ಆಕಾಶವನ್ನು ವೈಭವದಿಂದ ತೋರಿಸಿ ಹೊಲವನ್ನು ಕೆಳಗಿನ ಪಟ್ಟಿಯಾಗಿ ಇಡುವ ಕ್ರಮಕ್ಕೆ ಇದು ತದ್ವಿರುದ್ಧ. ಉಳುವವನ ಕಣ್ಣು ದಿನವಿಡೀ ನೆಲದ ಮೇಲೇ ಇರುವಂತೆ, ಚಿತ್ರ ನೋಡುವವರ ಕಣ್ಣೂ ನೆಲದ ಮೇಲೆಯೇ ಓಡಾಡಬೇಕಾಗುತ್ತದೆ.

ಎರಡನೆಯದಾಗಿ, ಹೊಲದ ಮೇಲೆ ಅಡ್ಡಡ್ಡ ಬಿದ್ದಿರುವ ಉದ್ದನೆಯ ನೆರಳುಗಳನ್ನು ನೋಡಿ. ಅವು ಮರಗಳ ನೆರಳುಗಳು. ಆದರೆ ಆ ಮರಗಳು ಚಿತ್ರದೊಳಗೆ ಇಲ್ಲ. ಚೌಕಟ್ಟಿನ ಹೊರಗೆ, ಚಿತ್ರಕಾರ ನಿಂತ ಕಡೆ ಎಲ್ಲೋ ಇವೆ. 1874ರಲ್ಲಿ ವಿಮರ್ಶಕ ಕಾಸ್ತಾನ್ಯಾರಿ ಇದನ್ನೇ ದೊಡ್ಡ ತಪ್ಪೆಂದು ಎತ್ತಿ ತೋರಿಸಿದರು: ಕಾಣದ ಮರಗಳ ನೆರಳನ್ನು ಬಿಡಿಸಿದರೆ, ಮರಗಳಿವೆಯೆಂದು ನೋಡುಗರು ಊಹಿಸಿಕೊಳ್ಳಬೇಕಾಗುತ್ತದೆ ಎಂಬುದು ಅವರ ಆಕ್ಷೇಪ. ನನ್ನ ಮಟ್ಟಿಗೆ ಈ ಚಿತ್ರದ ಅತ್ಯಂತ ದೊಡ್ಡ ಪಾಠ ಇಲ್ಲಿಯೇ ಇದೆ. ಸೂರ್ಯ ಎಲ್ಲಿದ್ದಾನೆ, ಹೊತ್ತು ಎಷ್ಟಾಗಿದೆ, ನೋಡುವವರು ಎಲ್ಲಿ ನಿಂತಿದ್ದಾರೆ ಎಂಬುದನ್ನೆಲ್ಲ ಆ ನೆರಳುಗಳು ಹೇಳುತ್ತವೆ. ಹೊಲ ಚೌಕಟ್ಟಿನ ಆಚೆಗೂ ಹಬ್ಬಿದೆ ಎಂಬ ಅರಿವೂ ಅವುಗಳಿಂದಲೇ ಮೂಡುತ್ತದೆ.

ಮೂರನೆಯದಾಗಿ, ಪ್ರತಿಯನ್ನು ಹಿಗ್ಗಿಸಿ ನೇಗಿಲ ಸಾಲುಗಳನ್ನು ಹತ್ತಿರದಿಂದ ನೋಡಿ. ದೂರದಿಂದ ಬೂದುಗಂದು ಎನಿಸಿದ ಮಣ್ಣಿನಲ್ಲಿ ತಿಳಿಹಸಿರು, ಬಿಳಿ ಬೆರೆತ ಹಳದಿ, ತಿಳಿನೀಲಿ ಗೀಟುಗಳು ಅಕ್ಕಪಕ್ಕದಲ್ಲಿವೆ. ಪ್ರದರ್ಶನ ತೆರೆದ ಹತ್ತು ದಿನಕ್ಕೆ ‘ಲ ಶರಿವಾರಿ’ ಪತ್ರಿಕೆಯಲ್ಲಿ ಲೂಯಿ ಲರ್ವಾ ಬರೆದ ಗೇಲಿಯ ಸಂಭಾಷಣೆಯಲ್ಲಿ ಒಬ್ಬ ಹಳೆಯ ಕಾಲದ ಚಿತ್ರಕಾರ ಈ ಚಿತ್ರದ ಮುಂದೆ ನಿಂತು, ತನ್ನ ಕನ್ನಡಕಕ್ಕೆ ಕೊಳೆ ಹಿಡಿದಿದೆಯೆಂದು ಒರೆಸಿಕೊಳ್ಳುತ್ತಾನೆ. ಇವು ಉಳುಮೆಯ ಸಾಲುಗಳೆಂದು ಹೇಳಿದಾಗ, ಕೊಳಕು ಬಟ್ಟೆಯ ಮೇಲೆ ಪ್ಯಾಲೆಟ್ (ಬಣ್ಣ ಬೆರೆಸುವ ಹಲಗೆ) ಕೆರೆದು ಹಾಕಿದ ಬಣ್ಣವಿದು ಎಂದು ಜರೆಯುತ್ತಾನೆ. ಆ ಮಾತು ಗೇಲಿಗಾಗಿ ಹುಟ್ಟಿದ್ದರೂ ಕಣ್ಣಿಗೆ ಕಂಡದ್ದನ್ನೇ ಹೇಳುತ್ತದೆ: ಇಲ್ಲಿ ಬಣ್ಣ ಬಣ್ಣವಾಗಿಯೇ ಉಳಿದಿದೆ, ಎಲ್ಲಿಯೂ ಅದನ್ನು ತಿಕ್ಕಿ ನುಣುಪು ಮಾಡಿಲ್ಲ.

ಸಾಧ್ಯವಿದ್ದರೆ ಈ ಹಂತದಲ್ಲೇ ಚಿತ್ರದ ಒಂದು ಚಿಕ್ಕ ನಕಲನ್ನು ಮಾಡಿ. ನಕಲು ಮಾಡುವುದರಲ್ಲಿ ಕುಂದೇನೂ ಇಲ್ಲ. ಚಿತ್ರಕಾರ ಪಾಲ್ ಸೆಜಾನ್, ಪಿಸಾರೊ ಅವರ ಬಳಿ ಕಲಿಯುತ್ತಿದ್ದ ದಿನಗಳಲ್ಲಿ, ಅವರು 1871ರಲ್ಲಿ ಬಿಡಿಸಿದ್ದ ಲೂವ್ಸಿಯೆನ್ ಊರಿನ ದೃಶ್ಯವನ್ನು ಪಡೆದು ನಕಲು ಮಾಡಿದ್ದರು. ನಕಲಿನಲ್ಲಿ ಚಿತ್ರದ ಎಲ್ಲ ಭಾಗ ಬೇಕಿಲ್ಲ. ನೆರಳು ಮತ್ತು ಬೆಳಕು ಸೇರುವ ಒಂದು ಅಂಗೈಯಗಲದ ಜಾಗವನ್ನು ಬಿಡಿಸಿದರೂ ಸಾಕು.

ಹಂತ 2: ಸಾಮಗ್ರಿ ಹೊಂದಿಸಿಕೊಳ್ಳಿ

ಇಂಪ್ರೆಷನಿಸ್ಟರು ಹೊಲಕ್ಕೆ ಹೋಗಿ ಚಿತ್ರಿಸಲು ಸಾಧ್ಯವಾದದ್ದರ ಹಿಂದೆ ಒಂದು ಸಣ್ಣ ವಸ್ತುವಿದೆ. 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ ತವರದ ಹಿಸುಕುವ ಟ್ಯೂಬಿಗೆ ಪೇಟೆಂಟ್ ಪಡೆದರು. ಅಲ್ಲಿಯವರೆಗೆ ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಚುಚ್ಚಿ ತೆರೆದ ಮೇಲೆ ಅದು ಬೇಗ ಗಟ್ಟಿಯಾಗುತ್ತಿತ್ತು, ಒಯ್ಯುವಾಗ ಒಡೆಯುತ್ತಲೂ ಇತ್ತು. ಇಂದು ಎಲ್ಲ ಕಲಾಸಾಮಗ್ರಿ ಅಂಗಡಿಗಳಲ್ಲೂ ಟ್ಯೂಬಿನ ಬಣ್ಣ ಸಿಗುತ್ತದೆ, ಆದ್ದರಿಂದ ನಮ್ಮ ಚಿಂತೆ ಹೊರೆಯನ್ನು ಹಗುರವಾಗಿಡುವುದು ಮಾತ್ರ.

ಮೊದಲ ಪ್ರಯತ್ನಕ್ಕೆ 12×16 ಇಂಚಿನ ಕ್ಯಾನ್‌ವಾಸ್ ಅಥವಾ ಕ್ಯಾನ್‌ವಾಸ್ ಬೋರ್ಡ್ ಸಾಕು. ಅಂಗಡಿಯ ಕ್ಯಾನ್‌ವಾಸ್‌ನ ಅಪ್ಪಟ ಬಿಳಿ ಬಿಸಿಲಿನಲ್ಲಿ ಕಣ್ಣು ಕೋರೈಸುವುದರಿಂದ, ಹಿಂದಿನ ವಾರವೇ ಅದಕ್ಕೆ ಟರ್ಪೆಂಟೈನ್‌ನಲ್ಲಿ ತೆಳುಮಾಡಿದ ತಿಳಿ ಬೂದು ಅಥವಾ ಕೆನೆಬಣ್ಣದ ಒಂದು ಪದರ ಬಳಿದು ಒಣಗಿಸಿಡಿ. ಕಂದು ಬಣ್ಣದ ಕಡು ತಳ ಬೇಡ. ಕುಂಚದ ಗುರುತುಗಳ ನಡುವೆ ಉಳಿಯುವ ಸಂದುಗಳಿಂದ ತಳದ ಬಣ್ಣ ಇಣುಕುವುದು ಈ ರೀತಿಯ ಸಹಜ ಭಾಗ. ತಳ ಕಡುವಾಗಿದ್ದರೆ ಆ ಇಣುಕುಗಳೆಲ್ಲ ಕೊಳೆಯಂತೆ ಕಾಣುತ್ತವೆ. ಹಂದಿಕೂದಲಿನ ಚಪ್ಪಟೆ ಕುಂಚಗಳು ಮೂರು ಅಳತೆಯಲ್ಲಿ, ಒಂದು ಸಣ್ಣ ದುಂಡು ಕುಂಚ, ಒಂದು ಪ್ಯಾಲೆಟ್ ನೈಫ್, ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ಟರ್ಪೆಂಟೈನ್, ಇನ್ನೊಂದರಲ್ಲಿ ಶುದ್ಧೀಕರಿಸಿದ ಅಗಸೆ ಎಣ್ಣೆ, ಹತ್ತಿಬಟ್ಟೆಯ ತುಂಡುಗಳು, ಮಡಚುವ ಈಸೆಲ್, ಅಗಲ ಅಂಚಿನ ಟೋಪಿ. ಕ್ಯಾನ್‌ವಾಸ್ ಮೇಲೆ ನೇರ ಬಿಸಿಲು ಬೀಳದಂತೆ ಒಂದು ಕಪ್ಪು ಅಥವಾ ಬೂದು ಛತ್ರಿಯಿರಲಿ. ಬಣ್ಣದ ಛತ್ರಿ ಚಿತ್ರದ ಮೇಲೆಲ್ಲ ತನ್ನ ಛಾಯೆ ಚೆಲ್ಲುತ್ತದೆ.

ಹಂತ 3: ಬಣ್ಣಗಳನ್ನು ಕಡಿಮೆ ಮಾಡಿ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕ್ಲಾರ್ಕ್ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಿಸಾರೊ ಅವರ ಒಂದು ಅಪರೂಪದ ಕೃತಿಯಿದೆ. ಸುಮಾರು 1878ರ ಆ ಕೃತಿಗೆ ಕ್ಯಾನ್‌ವಾಸ್ ಇಲ್ಲ; ತಾವು ಬಳಸುತ್ತಿದ್ದ ಮರದ ಪ್ಯಾಲೆಟ್ಟಿನ ಮೇಲೆಯೇ ಅವರು ಹುಲ್ಲಿನ ಗಾಡಿ, ಕೆಲಸಗಾರರು, ಮರಗಳಿರುವ ಹೊಲದ ದೃಶ್ಯವನ್ನು ಬಿಡಿಸಿ, ಅಂಚಿನಲ್ಲಿ ಬಣ್ಣದ ಉಂಡೆಗಳನ್ನು ಹಾಗೆಯೇ ಬಿಟ್ಟಿದ್ದಾರೆ. ಬಿಳಿ, ಹಳದಿ, ಕೆಂಪು, ನೀಲಿ, ಹಸಿರು ಹೀಗೆ ಬೆರಳೆಣಿಕೆಯ ಬಣ್ಣಗಳು ಮಾತ್ರ. ಅವುಗಳಿಂದಲೇ ನಡುವಿನ ಇಡೀ ದೃಶ್ಯ ಮೂಡಿದೆ. ಮೂರು ಮೂಲವರ್ಣಗಳಲ್ಲಿ ಮತ್ತು ಅವುಗಳಿಂದ ಹುಟ್ಟುವ ಬಣ್ಣಗಳಲ್ಲಿ ಮಾತ್ರ ಚಿತ್ರಿಸಬೇಕೆಂದು ಪಿಸಾರೊ ಸೆಜಾನ್‌ಗೆ ಹೇಳಿದ್ದರೆಂಬ ಮಾತಿಗೆ ಈ ಪ್ಯಾಲೆಟ್ ಒಳ್ಳೆಯ ಸಾಕ್ಷಿ.

ನೀವೂ ಆರೇ ಬಣ್ಣಗಳಿಂದ ಆರಂಭಿಸಿ: ಟೈಟಾನಿಯಂ ವೈಟ್, ಕ್ಯಾಡ್ಮಿಯಂ ಯೆಲ್ಲೋ ಲೈಟ್, ಕ್ಯಾಡ್ಮಿಯಂ ರೆಡ್ ಲೈಟ್, ಅಲಿಝರಿನ್ ಕ್ರಿಮ್ಸನ್ (ಕಡುಗೆಂಪು), ಅಲ್ಟ್ರಾಮರೀನ್ ಬ್ಲೂ (ಕಡುನೀಲಿ), ವಿರಿಡಿಯನ್ (ನೀಲಿಯತ್ತ ವಾಲುವ ಹಸಿರು). ಆ ಕಾಲದ ಸೀಸದ ಬಿಳಿ, ಕ್ರೋಮ್ ಹಳದಿ, ಪಾದರಸದಿಂದಾದ ವರ್ಮಿಲಿಯನ್ ವಿಷಕಾರಿಯಾದ್ದರಿಂದ ಈ ಬದಲಿಗಳೇ ಸರಿ. ಹಾಗೆಂದು ಕ್ಯಾಡ್ಮಿಯಂ ಬಣ್ಣಗಳೂ ಬಾಯಿಗೆ ಹೋಗಬಾರದು. ಊಟಕ್ಕೆ ಮುಂಚೆ ಕೈ ತೊಳೆಯಿರಿ, ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸವಿದ್ದರೆ ಬಿಡಿ. ಕಪ್ಪು ಬಣ್ಣದ ಟ್ಯೂಬನ್ನು ಮನೆಯಲ್ಲೇ ಇಡಿ. ಕಡು ಬಣ್ಣ ಬೇಕೆನಿಸಿದಾಗ ಅಲ್ಟ್ರಾಮರೀನ್ ಮತ್ತು ಅಲಿಝರಿನ್‌ಗೆ ತುಸು ವಿರಿಡಿಯನ್ ಸೇರಿಸಿ. ಅದು ಕಪ್ಪಿಗೆ ಹತ್ತಿರವಿದ್ದರೂ ಒಳಗೆ ಬಣ್ಣ ಉಳಿದಿರುತ್ತದೆ.

ಹೊರಗೆ ಹೋಗುವ ಮುನ್ನ ಒಂದು ಸಂಜೆ ಈ ಆರರಿಂದ ಮಣ್ಣಿನ ಬಣ್ಣಗಳನ್ನು ಬೆರೆಸಿ ನೋಡಿ. ಕೆಂಪು, ಹಳದಿ, ಬಿಳಿಗೆ ಸಾಸಿವೆಯಷ್ಟು ನೀಲಿ ಸೇರಿದರೆ ಬಿಸಿಲಿನ ಕೆಮ್ಮಣ್ಣು ಬರುತ್ತದೆ. ಅಲ್ಟ್ರಾಮರೀನ್‌ಗೆ ಅಲಿಝರಿನ್ ಮತ್ತು ಚೂರು ಹಳದಿ ಸೇರಿ, ಬಿಳಿಯಿಂದ ತಿಳಿಯಾದರೆ ಎರೆಭೂಮಿಯ ಬೂದುಗಪ್ಪು. ಹೀಗೆ ಬೆರೆಸಿದ ಮಣ್ಣು ಟ್ಯೂಬಿನಿಂದ ಬಂದ ಕಂದುಬಣ್ಣಕ್ಕಿಂತ ಆಕಾಶದೊಂದಿಗೆ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಆಕಾಶದಲ್ಲಿರುವ ನೀಲಿಯೇ ಅದರೊಳಗೂ ಇರುತ್ತದೆ.

ಹಂತ 4: ಜಾಗ ಮತ್ತು ಹೊತ್ತನ್ನು ಆರಿಸಿ

ಸುಂದರವಾದ ಜಾಗ ಹುಡುಕಿಕೊಂಡು ದೂರ ಹೋಗಬೇಡಿ. ಪಿಸಾರೊ ಬಿಡಿಸಿದ್ದು ತಮ್ಮ ಮನೆಯ ಸುತ್ತಲಿನ ಎಲೆಕೋಸಿನ ಹೊಲ, ಹಿತ್ತಲು, ಕಾಲುದಾರಿ. ತರಕಾರಿ ತೋಟಗಳ ಬಗ್ಗೆ ಈ ಮನುಷ್ಯನಿಗೆ ಶೋಚನೀಯ ಒಲವಿದೆ, ಎಲೆಕೋಸು ಬಿಡಿಸಲೂ ಹಿಂಜರಿಯುವುದಿಲ್ಲ ಎಂದು ಅದೇ ಕಾಸ್ತಾನ್ಯಾರಿ ದೂರಿದ್ದರು. ಆ ಒಲವೇ ನಮಗೆ ಬೇಕಾದದ್ದು. ನೀವು ದಿನಾ ಹಾದುಹೋಗುವ ಬದು, ಕಣ, ಬಾವಿಕಟ್ಟೆ, ಬಣವೆಯ ಪಕ್ಕದ ಗಾಡಿದಾರಿ ಸಾಕು. ಅಲ್ಲಿ ಯಾವ ಹೊತ್ತಿಗೆ ಯಾರು ಏನು ಕೆಲಸ ಮಾಡುತ್ತಾರೆ ಎಂಬುದು ನಿಮಗೆ ಗೊತ್ತಿರುವುದು ನೋಟದ ಚೆಲುವಿಗಿಂತ ಹೆಚ್ಚು ನೆರವಾಗುತ್ತದೆ. ಕನ್ನಡ ನಾಡಿನಲ್ಲೂ ಸ್ಥಳದಲ್ಲೇ ಕುಳಿತು ಚಿತ್ರಿಸುವ ಪರಂಪರೆಯಿದೆ. ಬೆಂಗಳೂರಿನ ಹೂಮರಗಳನ್ನು ಎದುರಿಗೆ ನಿಂತು ದಟ್ಟ ಬಣ್ಣದಲ್ಲಿ ಬಿಡಿಸಿದ ರುಮಾಲೆ ಚನ್ನಬಸವಯ್ಯನವರ ಚಿತ್ರಗಳನ್ನು ಒಮ್ಮೆ ಕಣ್ಣಾರೆ ನೋಡಿ ಬಂದರೆ ನಮ್ಮ ಬಿಸಿಲನ್ನು ಬಣ್ಣವಾಗಿಸುವ ಧೈರ್ಯ ಬರುತ್ತದೆ.

ಹೊತ್ತಿನ ವಿಷಯದಲ್ಲಿ ಮಾತ್ರ ಫ್ರಾನ್ಸಿನ ಕ್ರಮವನ್ನು ಇಲ್ಲಿಗೆ ಹಾಗೆಯೇ ತರುವಂತಿಲ್ಲ. ಪೊಂತ್ವಾಜ್ ಸುಮಾರು 49 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ನಡುಹಗಲಿನಲ್ಲೂ ಸೂರ್ಯ ದಿಗಂತದಿಂದ ಸುಮಾರು 17.5 ಡಿಗ್ರಿಗಿಂತ ಮೇಲೇರುವುದಿಲ್ಲ. 10 ಮೀಟರ್ ಎತ್ತರದ ಮರ ಆ ಹೊತ್ತಿನಲ್ಲಿ ಸಮತಟ್ಟು ನೆಲದ ಮೇಲೆ 30 ಮೀಟರಿಗೂ ಉದ್ದದ ನೆರಳು ಚೆಲ್ಲುತ್ತದೆ. ಅದೇ ದಿನ ಬೆಂಗಳೂರಿನಲ್ಲಿ ನಡುಹಗಲ ಸೂರ್ಯ 53 ಡಿಗ್ರಿಗೂ ಮೇಲಿರುವುದರಿಂದ ಅಂಥದೇ ಮರದ ನೆರಳು ಏಳೂವರೆ ಮೀಟರನ್ನೂ ಮುಟ್ಟುವುದಿಲ್ಲ. ‘ಜೆಲೆ ಬ್ಲಾಂಶ್’ನಲ್ಲಿ ಕಾಣುವಂಥ ಉದ್ದ ನೆರಳು ನಮಗೆ ಬೇಕಾದರೆ ಸೂರ್ಯ ಹುಟ್ಟಿದ ಮೇಲಿನ ಸುಮಾರು ಒಂದೂಕಾಲು ಗಂಟೆ, ಇಲ್ಲವೇ ಮುಳುಗುವ ಮುಂಚಿನ ಅಷ್ಟೇ ಹೊತ್ತು ಮಾತ್ರ ಸಿಗುತ್ತದೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ನೆತ್ತಿಯ ಮೇಲಿನ ಬಿಸಿಲಿನಲ್ಲಿ ಹೊಲದ ಉಬ್ಬುತಗ್ಗುಗಳೆಲ್ಲ ಚಪ್ಪಟೆಯಾಗುತ್ತವೆ. ಹಾಗಾಗಿ ಹಿಂದಿನ ದಿನವೇ ಜಾಗ ನೋಡಿ, ನಿಲ್ಲುವ ಸ್ಥಳ ಗುರುತಿಸಿ, ಬೆಳಕು ಹರಿಯುವ ಮುನ್ನ ಈಸೆಲ್ ನಿಲ್ಲಿಸಿರಬೇಕು. ಬಣ್ಣಗಳನ್ನು ಪ್ಯಾಲೆಟ್ಟಿಗೆ ಹಿಂಡಿ ಇಟ್ಟಿರಬೇಕು.

ಹಂತ 5: ನಾಲ್ಕೈದು ಗೆರೆಗಳಲ್ಲಿ ಚೌಕಟ್ಟು

ಪೆನ್ಸಿಲ್ ಬೇಡ. ಟರ್ಪೆಂಟೈನ್‌ನಲ್ಲಿ ತೆಳುವಾದ ಅಲ್ಟ್ರಾಮರೀನ್‌ನಿಂದ ದಿಗಂತರೇಖೆ, ದಾರಿಯ ಎರಡು ಅಂಚು, ನೆರಳುಗಳ ಓಟ, ಮನುಷ್ಯ ನಿಲ್ಲಬಹುದಾದ ಜಾಗ ಇಷ್ಟನ್ನು ಗುರುತು ಮಾಡಿ. ದಿಗಂತವನ್ನು ಧೈರ್ಯವಾಗಿ ಮೇಲಿನ ಮೂರನೇ ಒಂದು ಭಾಗಕ್ಕೆ ಏರಿಸಿ. ಉಳುಮೆಯ ಸಾಲುಗಳು ಒಂದು ದಿಕ್ಕಿಗೆ ಹರಿದರೆ ನೆರಳುಗಳು ಅವನ್ನು ಅಡ್ಡ ಕತ್ತರಿಸುವಂತೆ ನಿಲ್ಲುವ ಜಾಗವನ್ನು ಆರಿಸಿಕೊಂಡಿದ್ದರೆ ಚಿತ್ರದ ಅರ್ಧ ಕೆಲಸ ಮುಗಿದಂತೆ. ನೆಲದ ಏರಿಳಿತವನ್ನು ಆ ಕತ್ತರಿಯೇ ತೋರಿಸಿಕೊಡುತ್ತದೆ. ನೆರಳಿನ ಗೆರೆಗಳನ್ನು ಮೊದಲ ಐದು ನಿಮಿಷದಲ್ಲೇ ಹಾಕಿ, ಆಮೇಲೆ ಸೂರ್ಯ ಸರಿದರೂ ಅವನ್ನು ಬದಲಾಯಿಸಬೇಡಿ.

ಹಂತ 6: ಇಡೀ ಕ್ಯಾನ್‌ವಾಸನ್ನು ಒಟ್ಟಿಗೇ ತುಂಬಿ

1890ರ ದಶಕದಲ್ಲಿ ಪಿಸಾರೊ ಲೂಯಿ ಲ ಬೈ ಎಂಬ ಕಿರಿಯ ಚಿತ್ರಕಾರನಿಗೆ ಕೊಟ್ಟ ಸಲಹೆಗಳು ದಾಖಲಾಗಿ ಉಳಿದಿವೆ. ಅವುಗಳ ತಿರುಳು ಹೀಗಿದೆ: ತುಂಡು ತುಂಡಾಗಿ ಕೆಲಸ ಮಾಡಬಾರದು, ಎಲ್ಲ ಕಡೆಯೂ ಒಮ್ಮೆಗೇ ಬಣ್ಣ ಇಡುತ್ತ ಹೋಗಬೇಕು, ಕಣ್ಣು ಒಂದೇ ಬಿಂದುವಿನಲ್ಲಿ ನೆಡದೆ ಎಲ್ಲವನ್ನೂ ಗ್ರಹಿಸಬೇಕು, ಆಕಾಶ, ನೀರು, ಕೊಂಬೆ, ನೆಲ ಎಲ್ಲವೂ ಸಮಸಮನಾಗಿ ಮುಂದುವರಿಯಬೇಕು, ಮೊದಲ ಸಲಕ್ಕೇ ಕ್ಯಾನ್‌ವಾಸ್ ಪೂರ್ತಿ ಮುಚ್ಚಿ, ಬಳಿಕ ಸೇರಿಸಲು ಏನೂ ಉಳಿಯುವುದಿಲ್ಲ ಎನಿಸುವವರೆಗೆ ದುಡಿಯಬೇಕು.

ಇದನ್ನು ಕೈಗೆ ಇಳಿಸುವ ಬಗೆ ಹೀಗೆ. ಅತಿ ಅಗಲದ ಕುಂಚ ಹಿಡಿಯಿರಿ. ಆಕಾಶದ ಬಣ್ಣವನ್ನು ಬೆರೆಸಿ ನಾಲ್ಕು ಕಡೆ ಇಡಿ. ತಕ್ಷಣವೇ ಬಿಸಿಲು ಬಿದ್ದ ಮಣ್ಣಿನ ಬಣ್ಣ ಬೆರೆಸಿ ನಾಲ್ಕು ಕಡೆ ಇಡಿ. ನಂತರ ನೆರಳಿನ ಮಣ್ಣು, ದೂರದ ಮರಗಳ ಸಾಲು, ದಾರಿ. ಒಂದು ಬಣ್ಣವನ್ನು ಬೆರೆಸಿದಾಗಲೆಲ್ಲ ಅದು ಕ್ಯಾನ್‌ವಾಸ್‌ನ ಬೇರೆ ಯಾವ ಮೂಲೆಯಲ್ಲಿ ಕಾಣುತ್ತದೆ ಎಂದು ಹುಡುಕಿ ಅಲ್ಲಿಯೂ ಒಂದು ಗೀಟು ಇಡಿ. ಆಕಾಶದ ಬೆಳಕು ದಾರಿಯ ಮೇಲಿನ ಕಲ್ಲಿನಲ್ಲಿ, ಎತ್ತಿನ ಬೆನ್ನಿನಲ್ಲಿ, ತೇವದ ಹುಲ್ಲಿನಲ್ಲಿ ಇದ್ದೇ ಇರುತ್ತದೆ. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ವಿವರಗಳು ಅಳಿಸಿ ತಿಳಿ ಮತ್ತು ಕಡುವಿನ ನಾಲ್ಕೈದು ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ. ಈ ಹಂತದಲ್ಲಿ ಬಿಡಿಸಬೇಕಾದ್ದು ಅವನ್ನಷ್ಟೇ. ಬಣ್ಣ ತೆಳುವಾಗಿರಲಿ, ಟರ್ಪೆಂಟೈನ್ ಹೆಚ್ಚಿರಲಿ, ಎಣ್ಣೆ ಬೇಡ. ಕೆಳಗೆ ತೆಳು, ಮೇಲೆ ಎಣ್ಣೆಯಂಶ ಹೆಚ್ಚು ಎಂಬ ಕ್ರಮ ತಪ್ಪಿದರೆ ಕೆಲ ವರ್ಷಗಳಲ್ಲಿ ಮೇಲ್ಪದರ ಬಿರುಕು ಬಿಡಬಹುದು. ಅರ್ಧ ಗಂಟೆಯೊಳಗೆ ಕ್ಯಾನ್‌ವಾಸ್ ಪೂರ್ತಿ ಮುಚ್ಚಿರಬೇಕು, ಎಷ್ಟೇ ಒರಟಾಗಿ ಕಂಡರೂ ಸರಿಯೇ.

ಹಂತ 7: ನೆರಳಿಗೆ ಬಣ್ಣ

ಇಲ್ಲಿ ನಿಧಾನಿಸಿ. ಕೆಮ್ಮಣ್ಣಿನ ಹೊಲದ ಮೇಲೆ ಬಿದ್ದ ಮರದ ನೆರಳನ್ನು ಬಿಡಿಸುವಾಗ ಬಹುಪಾಲು ಮಂದಿ ಕೆಮ್ಮಣ್ಣಿನ ಬಣ್ಣಕ್ಕೇ ಕಂದು ಅಥವಾ ಕಪ್ಪು ಸೇರಿಸುತ್ತಾರೆ. ನೆಲದ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಒಂದು ಕಲೆ ಮೂಡುತ್ತದೆ. ನೆರಳಿನ ಜಾಗಕ್ಕೆ ಸೂರ್ಯನ ನೇರ ಬೆಳಕು ತಲುಪುವುದಿಲ್ಲವಾದರೂ ನೀಲಿ ಆಕಾಶದ ಬೆಳಕು ಎಲ್ಲ ದಿಕ್ಕಿನಿಂದಲೂ ತಲುಪುತ್ತಿರುತ್ತದೆ, ಹಾಗಾಗಿ ನೆರಳು ನೀಲಿಯ ಕಡೆ ವಾಲುತ್ತದೆ. ಇದರ ಜೊತೆಗೆ ಕಣ್ಣಿನ ಗುಣವೊಂದು ಸೇರಿಕೊಳ್ಳುತ್ತದೆ. ಪ್ಯಾರಿಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆಯ ಮೇಲ್ವಿಚಾರಕರಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್, ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೇಗೆ ಬದಲಿಸುತ್ತವೆ ಎಂಬ ತಮ್ಮ ಅಧ್ಯಯನವನ್ನು 1839ರಲ್ಲಿ ಪ್ರಕಟಿಸಿದ್ದರು: ಕಿತ್ತಳೆಯ ಪಕ್ಕದಲ್ಲಿಟ್ಟ ಬೂದುಬಣ್ಣ ನೀಲಿಯಾಗಿ ತೋರುತ್ತದೆ, ಕೆಂಪಿನ ಪಕ್ಕದಲ್ಲಿಟ್ಟದ್ದು ಹಸಿರಾಗಿ. ಬೆಳಗಿನ ಬಿಸಿಲು ಬಿದ್ದ ಮಣ್ಣು ಕಿತ್ತಳೆಯ ಕಡೆಗಿದ್ದಷ್ಟೂ ಅದರ ಮಗ್ಗುಲಿನ ನೆರಳು ಹೆಚ್ಚು ನೀಲಿಯಾಗಿ ಕಾಣುವುದು ಈ ಎರಡೂ ಕಾರಣಗಳಿಂದ.

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡಿ. ಬೂದುಬಣ್ಣದ ರಟ್ಟಿನಲ್ಲಿ ಅರ್ಧ ಸೆಂಟಿಮೀಟರಿನ ಎರಡು ರಂಧ್ರಗಳನ್ನು ಹತ್ತಿರ ಹತ್ತಿರ ಕೊರೆದು, ಒಂದರಿಂದ ಬಿಸಿಲಿನ ಮಣ್ಣು, ಇನ್ನೊಂದರಿಂದ ನೆರಳಿನ ಮಣ್ಣು ಕಾಣುವಂತೆ ತೋಳು ಚಾಚಿ ಹಿಡಿಯಿರಿ. ಇದು ಮಣ್ಣು, ಮಣ್ಣು ಕೆಂಪು ಎಂಬ ತಿಳಿವಳಿಕೆ ಕಳಚಿ, ಎರಡು ಬಣ್ಣಗಳು ಮಾತ್ರ ಕಾಣುತ್ತವೆ. ಆ ಎರಡನೆಯ ಬಣ್ಣವನ್ನು ಬೆರೆಸಿ: ಅಲ್ಟ್ರಾಮರೀನ್, ಬಿಳಿ, ಸ್ವಲ್ಪ ಅಲಿಝರಿನ್, ಬಹಳ ಕಡಿಮೆ ಕ್ಯಾಡ್ಮಿಯಂ ರೆಡ್. ಹುಲ್ಲಿನ ಮೇಲಿನ ನೆರಳಾದರೆ ಅಲಿಝರಿನ್ ಕಡಿಮೆ ಮಾಡಿ ವಿರಿಡಿಯನ್ ಸೇರಿಸಿ. ನೆರಳು ಮರದ ಬುಡದಲ್ಲಿ ಚೂಪಾಗಿಯೂ ದೂರ ಹೋದಂತೆ ಅಂಚು ಮೆತ್ತಗಾಗಿಯೂ ಇರುತ್ತದೆ. ಮರವೇ ಚೌಕಟ್ಟಿನ ಹೊರಗಿದ್ದರೆ ಚೂಪಾದ ಭಾಗ ಕೆಳಗಿನ ಅಂಚಿಗೆ ಬರುತ್ತದೆ. ನೇಗಿಲ ಸಾಲಿನ ಪ್ರತಿ ಉಬ್ಬನ್ನು ಹತ್ತಿ ಇಳಿಯುವಾಗ ನೆರಳಿನ ಅಂಚು ಮುರಿಯುತ್ತದೆ, ಅದನ್ನು ನೇರ ಗೆರೆಯಾಗಿ ಎಳೆದುಬಿಡಬಾರದು.

ಮೊಬೈಲಿನಲ್ಲಿ ಫೋಟೊ ತೆಗೆದು ಮನೆಯಲ್ಲಿ ಕುಳಿತು ಮುಗಿಸುವ ಆಲೋಚನೆಯನ್ನು ನಾನು ಒಪ್ಪುವುದಿಲ್ಲ. ಬಿಸಿಲು ಮತ್ತು ನೆರಳು ಎರಡೂ ಇರುವ ದೃಶ್ಯದಲ್ಲಿ ಕ್ಯಾಮೆರಾ ಬಿಸಿಲಿಗೆ ಹೊಂದಿಕೊಂಡರೆ ನೆರಳು ಮಸಿಯಾಗುತ್ತದೆ. ನಿಮ್ಮ ಕಣ್ಣು ಆ ನೆರಳಿನಲ್ಲಿ ಕಂಡಿದ್ದ ನೇರಳೆ, ಹಸಿರು, ತಿಳಿನೀಲಿಗಳು ಆ ಫೋಟೊದಲ್ಲಿ ಇರುವುದೇ ಇಲ್ಲ.

ಹಂತ 8: ಕುಂಚದ ನಡೆ

ಈಗ ಮಧ್ಯಮ ಗಾತ್ರದ ಕುಂಚ ಹಿಡಿದು, ಹಸಿಯಾಗಿರುವ ಮೊದಲ ಪದರದ ಮೇಲೆ ಗಟ್ಟಿ ಬಣ್ಣವನ್ನು ಚಿಕ್ಕ ಚಿಕ್ಕ ಗೀಟುಗಳಲ್ಲಿ ಇಡಿ. ಪ್ರತಿ ಗೀಟೂ ತಾನು ತೋರಿಸುವ ವಸ್ತುವಿನ ದಿಕ್ಕನ್ನು ಅನುಸರಿಸಲಿ: ಉಳುಮೆಯಲ್ಲಿ ಸಾಲಿನ ಉದ್ದಕ್ಕೆ, ಹುಲ್ಲಿನಲ್ಲಿ ಮೇಲ್ಮುಖವಾಗಿ, ಆಕಾಶದಲ್ಲಿ ಅಗಲವಾಗಿ ಮತ್ತು ಸಡಿಲವಾಗಿ. ಒಂದು ಗೀಟನ್ನು ಇಟ್ಟ ಮೇಲೆ ಅದನ್ನು ಮತ್ತೆ ತಿಕ್ಕಬೇಡಿ. ಬಣ್ಣ ತಪ್ಪಾಗಿದ್ದರೆ ನೈಫಿನಿಂದ ಕೆರೆದು ತೆಗೆದು ಹೊಸದಾಗಿ ಇಡಿ. ಎರಡು ಮೂರು ಗೀಟುಗಳಿಗೊಮ್ಮೆ ಕುಂಚವನ್ನು ಬಟ್ಟೆಯಲ್ಲಿ ಒರೆಸಿಕೊಳ್ಳದಿದ್ದರೆ ಎಲ್ಲವೂ ಒಂದೇ ರಾಡಿಯಾಗುತ್ತದೆ. ಹೊಸಬರ ಚಿತ್ರ ಮಂಕಾಗಲು ಒರೆಸದ ಕುಂಚವೇ ಬಹುಮಟ್ಟಿಗೆ ಕಾರಣ.

ಹಂತ 9: ದುಡಿಯುವ ಮನುಷ್ಯ

ಹಳ್ಳಿಯ ದೃಶ್ಯಕ್ಕೆ ಮನುಷ್ಯನನ್ನು ಕೊನೆಯಲ್ಲಿ ಅಲಂಕಾರಕ್ಕೆಂದು ಅಂಟಿಸುವ ಪದ್ಧತಿಯಿಂದಲೇ ಎಷ್ಟೋ ಚಿತ್ರಗಳು ಕ್ಯಾಲೆಂಡರಿನ ಚಿತ್ರಗಳಾಗಿಬಿಡುತ್ತವೆ. ಪಿಸಾರೊಗಿಂತ ಮುಂಚೆ ಝಾಂ ಫ್ರಾಂಸ್ವಾ ಮಿಲೆ ರೈತರನ್ನು ಬಿಡಿಸಿದ್ದರು. 1857ರ ‘ತೆನೆ ಆಯುವವರು’ ಚಿತ್ರದಲ್ಲಿ ಮೂವರು ಹೆಂಗಸರು ಮುಂಭಾಗದಲ್ಲಿ ಶಿಲ್ಪಗಳಂತೆ ಭಾರವಾಗಿ, ದೊಡ್ಡದಾಗಿ ಬಾಗಿದ್ದಾರೆ. ತಮ್ಮನ್ನು ಜನ ಮಿಲೆಗೆ ಹೋಲಿಸುತ್ತಿದ್ದುದು ಪಿಸಾರೊಗೆ ಹಿಡಿಸುತ್ತಿರಲಿಲ್ಲ. ಮಿಲೆಯವರದು ಬೈಬಲ್ಲಿನ ಭಾವ ಎಂದು ಅವರು ಪತ್ರವೊಂದರಲ್ಲಿ ಬರೆದಿದ್ದಾರೆ. ‘ಜೆಲೆ ಬ್ಲಾಂಶ್’ನ ಸೌದೆ ಹೊತ್ತವನಿಗೆ ವೀರನ ಗತ್ತೂ ಇಲ್ಲ, ಕರುಣೆ ಬೇಡುವ ಮುಖವೂ ಇಲ್ಲ. ಅವನ ಬೆನ್ನಿನ ಹೊರೆಯೂ ದಾರಿಬದಿಯ ಒಣಹುಲ್ಲೂ ಹೆಚ್ಚುಕಡಿಮೆ ಒಂದೇ ಬಣ್ಣದ ಗೀಟುಗಳಿಂದ ಆಗಿವೆ. ಅವನು ಆ ಬೆಳಗಿನ ಒಂದು ಭಾಗ.

ಇದನ್ನು ಸಾಧಿಸಲು ಮನುಷ್ಯನ ಜಾಗವನ್ನು ಐದನೆಯ ಹಂತದಲ್ಲೇ ಗುರುತಿಸಿ, ಆರನೆಯ ಹಂತದಲ್ಲೇ ನೆಲದ ಜೊತೆಗೆ ಒರಟಾಗಿ ತುಂಬಿರಬೇಕು. ಯಾರನ್ನೂ ಕೆಲಸ ನಿಲ್ಲಿಸಿ ನಿಲ್ಲುವಂತೆ ಕೇಳಬೇಡಿ. ಹೊಲದ ಒಡೆಯರನ್ನೂ ಕೆಲಸದವರನ್ನೂ ಮೊದಲೇ ಮಾತನಾಡಿಸಿ, ಏನು ಮಾಡುತ್ತಿದ್ದೀರಿ ಎಂದು ತಿಳಿಸಿ, ಒಪ್ಪಿಗೆ ಪಡೆದು, ದೂರದಲ್ಲಿ ಈಸೆಲ್ ಇಟ್ಟುಕೊಳ್ಳಿ. ಹೊಲದ ಕೆಲಸದಲ್ಲಿ ಒಂದೇ ಚಲನೆ ಮರಳಿ ಮರಳಿ ಬರುತ್ತದೆ. ಕಳೆ ಕೀಳುವ ಅಮ್ಮ ಬಾಗುತ್ತಾರೆ, ಎರಡು ಹೆಜ್ಜೆ ಸರಿಯುತ್ತಾರೆ, ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾಗಿ ಮತ್ತೆ ಬಾಗುತ್ತಾರೆ. ಚಿಕ್ಕ ಪುಸ್ತಕದಲ್ಲಿ ಆ ಬಾಗುವಿಕೆಯನ್ನೇ ಹತ್ತಾರು ಬಾರಿ ಎರಡು ಮೂರು ಗೆರೆಗಳಲ್ಲಿ ಬರೆದುಕೊಂಡರೆ, ದೇಹದ ಭಾರ ಯಾವ ಕಾಲಿನ ಮೇಲೆ ಬೀಳುತ್ತಿದೆ ಎಂಬುದು ಕೈಗೆ ತಿಳಿಯುತ್ತದೆ.

ಕ್ಯಾನ್‌ವಾಸ್ ಮೇಲೆ ಅಂಥ ಆಕೃತಿಗೆ ಹನ್ನೆರಡು ಗೀಟುಗಳಿಗಿಂತ ಹೆಚ್ಚು ಬೇಡ. ಬಿಸಿಲು ಬಿದ್ದ ಬೆನ್ನಿಗೆ ಒಂದು ಅಗಲ ಗೀಟು, ನೆರಳಿನ ಪಕ್ಕೆಗೆ ಇನ್ನೊಂದು, ಸೀರೆಯ ಕೆಳಭಾಗಕ್ಕೆ ಎರಡು ಮೂರು, ತಲೆಯ ಮೇಲಿನ ಸೆರಗಿಗೆ ಒಂದು, ತೋಳಿಗೆ ಒಂದು. ಕಣ್ಣು ಮೂಗು ಬೇಡವೇ ಬೇಡ. ಸೀರೆ ಕೆಂಪಾಗಿದ್ದರೂ ಟ್ಯೂಬಿನ ಕೆಂಪನ್ನು ಹಾಗೆಯೇ ಇಡಬೇಡಿ. ಅದಕ್ಕೆ ಸುತ್ತಲಿನ ಮಣ್ಣಿನ ಬಣ್ಣವನ್ನು ಕೊಂಚ ಬೆರೆಸಿ. ನೆರಳಿನ ಪಕ್ಕೆಗೆ ಹೊಲದ ನೆರಳಿಗೆ ಬೆರೆಸಿದ್ದ ಅದೇ ನೀಲಿಯನ್ನು ಬಳಸಿ. ಕಾಲು ನೆಲಕ್ಕೆ ತಾಗುವ ಜಾಗದಲ್ಲಿ ಗೆರೆ ಎಳೆಯದೆ, ನೆಲದ ಎರಡು ಗೀಟುಗಳು ಪಾದದ ಮೇಲೆ ಹಾಯುವಂತೆ ಬಿಡಿ. ಆಕೃತಿ ನೆಲದಲ್ಲಿ ಬೇರೂರುವುದು ಆ ಎರಡು ಗೀಟುಗಳಿಂದ.

ಹಂತ 10: ಮತ್ತೆ ಅದೇ ಹೊತ್ತಿಗೆ, ಆಮೇಲೆ ಒಣಗಲು

ಬೆಳಕು ಬದಲಾದ ಕೂಡಲೇ ಕೈ ನಿಲ್ಲಿಸಿ, ಮರುದಿನ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬನ್ನಿ. ಮೋಡ ಕವಿದ ದಿನ ಬಿಸಿಲಿನ ಚಿತ್ರವನ್ನು ಮುಟ್ಟಬೇಡಿ. ಅಂಥ ದಿನಕ್ಕೆ ಬೇರೊಂದು ಕ್ಯಾನ್‌ವಾಸ್ ಇರಲಿ. ಎರಡನೆಯ ಸಲ ಕುಳಿತಾಗ ಬಣ್ಣಕ್ಕೆ ಸ್ವಲ್ಪ ಅಗಸೆ ಎಣ್ಣೆ ಸೇರಿಸಿ, ಅತಿ ತಿಳಿಯಾದ ಬೆಳಕಿನ ಗೀಟುಗಳನ್ನು ದಪ್ಪವಾಗಿ ಇಡಿ. ಕ್ಯಾನ್‌ವಾಸ್‌ನಿಂದ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದಾಗ ಹೊತ್ತು ಎಷ್ಟೆಂದು ಹೇಳಲು ಬಂದರೆ ಚಿತ್ರ ಮುಗಿದಿದೆ. ಬಾರದಿದ್ದರೆ ನೆರಳು ಮತ್ತು ಬಿಸಿಲಿನ ಕಡುತಿಳಿಗಳ ಅಂತರ ಸಾಲದಾಗಿದೆ.

ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಆ ಶಾಖ ಕೂಡಿಕೊಂಡರೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ, ಬೆಂಕಿ ತಾಗುವ ವಸ್ತುಗಳಿಂದ ದೂರ, ಒಂದೊಂದಾಗಿ ಹರಡಿ ಒಣಗಿಸಿ. ಚಿತ್ರವನ್ನು ದೂಳಿಲ್ಲದ, ಗಾಳಿಯಾಡುವ, ಬೆಳಕಿರುವ ಕೋಣೆಯಲ್ಲಿಡಿ. ದಪ್ಪ ಗೀಟುಗಳು ಒಳಗಿನಿಂದ ಒಣಗಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ, ಅದಕ್ಕೆ ಮುಂಚೆ ವಾರ್ನಿಷ್ ಬಳಿಯಬಾರದು. ಪಿಸಾರೊ ಮತ್ತು ಅವರ ಸಂಗಡಿಗರು ಎಷ್ಟೋ ಚಿತ್ರಗಳನ್ನು ವಾರ್ನಿಷ್ ಇಲ್ಲದೆಯೇ ಇಡಲು ಬಯಸಿದರು, ಏಕೆಂದರೆ ಅದರ ಹೊಳಪು ಬಯಲಿನ ಗಾಳಿಯ ಮಂದ ಮೇಲ್ಮೈಯನ್ನು ಅಳಿಸಿಬಿಡುತ್ತದೆ. ವಾರ್ನಿಷ್ ಬೇಕೇಬೇಕೆಂದರೆ ಮ್ಯಾಟ್ ಬಗೆಯದನ್ನು ತೆಳುವಾಗಿ ಬಳಿಯಿರಿ. ಚೌಕಟ್ಟಿಗೆ ಚಿನ್ನದ ಬಣ್ಣದ ಕೆತ್ತನೆಯ ಪಟ್ಟಿಗಿಂತ ಸರಳವಾದ ಬಿಳಿ ಪಟ್ಟಿ ಉತ್ತಮ. ಪಿಸಾರೊ ತಮ್ಮ ಚಿತ್ರಗಳನ್ನು ಬಿಳಿ ಚೌಕಟ್ಟಿನಲ್ಲಿಟ್ಟು ಪ್ರದರ್ಶಿಸಿದ್ದುಂಟು, ನೆರಳಿನ ನೀಲಿ ಬಿಳಿಯ ಪಕ್ಕದಲ್ಲಿ ತನ್ನ ನಿಜವಾದ ಬಣ್ಣದಲ್ಲೇ ಕಾಣುತ್ತದೆ.